ಕೋಟೆಯೊಳಗಿದ್ದ ಮಗಳು

"ಮುಟ್ಟಬೇಡಿ!"

ಆ ದನಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು.

ಟ್ರಂಕು ಇನ್ನೂ ಹೊಸ್ತಿಲ ಹೊರಗಿತ್ತು. ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು. ಇದು ಅವಳ ಅಪ್ಪನ ಮನೆ, ಅವಳ ಅಪ್ಪನ ಕೋಣೆ. ಆದರೆ ಅಪ್ಪನ ಮಂಚದ ತುದಿಯಲ್ಲಿ ಕಾಲು ಮಡಚಿ ಕುಳಿತ ಯಾರೋ ಗಂಡಸು ಅವಳಿಗೇ ಮುಟ್ಟಬೇಡಿ ಎನ್ನುತ್ತಿದ್ದಾನೆ!

ಮಂಚದ ಪಕ್ಕದ ಮೇಜಿನ ಮೇಲೆ ಅಗಲವಾದ ಹಲಗೆ. ಅದರ ಮೇಲೆ ಅಪ್ಪನೇ ಬಿಡಿಸಿದ ಕೋಟೆ, ಕಂದಕ, ಒಂದೇ ಒಂದು ಹೆಬ್ಬಾಗಿಲು. ಹೆಬ್ಬೆರಳಿನಷ್ಟು ಎತ್ತರದ ಸೀಸದ ಸೈನಿಕರು ನಿಂತಿದ್ದರು. ನೀಲಿ ಅಂಗಿಯವರು ಗೋಡೆಯ ಒಳಗೆ, ಕೆಂಪು ಅಂಗಿಯವರು ಹೊರಗೆ. ಅಪ್ಪನ ಹತ್ತಿರ ಹೋಗಲು ಅವಳು ಮೇಜನ್ನು ಸ್ವಲ್ಪ ಸರಿಸಹೋಗಿದ್ದಳು, ಅಷ್ಟೇ.

"ನನಗೆ ಹೇಳೋಕೆ ನೀವ್ಯಾರು?"

"ಕ್ಷಮಿಸಿ..." ಅವನು ಎದ್ದು ನಿಂತ. ದನಿ ತಗ್ಗಿತು. "ಆಟ ನಡೀತಿದೆ. ಒಬ್ಬ ಸೈನಿಕ ಅಲುಗಿದ್ರೂ ಮೇಷ್ಟ್ರು ಒದ್ದಾಡಿಬಿಡ್ತಾರೆ."

ಅವಳು ಅವನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ... ನಾನು ಬಂದೆ."

ಅಪ್ಪ ತಲೆ ಎತ್ತಿದರು. ಬಾಗಿಲು ತಪ್ಪಿ ಬಂದವರನ್ನು ನೋಡುವ ಹಾಗೆ, ಸೌಜನ್ಯದಿಂದ ಅವಳನ್ನು ನೋಡಿದರು. ಆಮೇಲೆ ಆ ಗಂಡಸಿನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಸೇನಾಪತಿಗಳೇ, ಇವರು ನಿಮ್ಮ ಕಡೆಯವರಾ?"

ಅಪ್ಪನಿಗೆ ಮರೆವು ಹೆಚ್ಚಾಗಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಅದಕ್ಕೇ ಬೇರೆ ಊರಿನ ಕೆಲಸ ಬಿಟ್ಟು, ಇಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಹಿಡಿದು ಬಂದಿದ್ದಳು.

ಆದರೆ ಇಷ್ಟೊಂದಾ?

*

"ಹಲ್ಲಿನವನು ಕಣೇ ಅವನು," ಎಂದರು ಅತ್ತೆ, ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ. ಅಪ್ಪನ ತಂಗಿ. ಗಂಡ ಹೋದ ಮೇಲೆ ಅಣ್ಣನ ಜೊತೆಗೇ ಇದ್ದವರು. "ನಿಮ್ಮಪ್ಪನಿಗೆ ಹಲ್ಲಿನ ಸೆಟ್ ಮಾಡಿಕೊಟ್ಟೋನು. ಅಳತೆ ನೋಡೋಕೆ ಅಂತ ಮನೆಗೆ ಬಂದ. ನಿಮ್ಮಪ್ಪ ಆಟಕ್ಕೆ ಕರೆದ್ರು. ಹಲ್ಲೂ ಕೂತ್ಕೊಳ್ತು, ಅವನೂ ಕೂತ್ಕೊಂಡ!"

"ದಿನಾ ಬರ್ತಾನಾ?"

"ಸಂಜೆ ಕೆಲಸ ಮುಗಿಸಿ ಬರ್ತಾನಪ್ಪ. ಆ ಒಂದು ಗಂಟೆ ನನಗೂ ಬೆನ್ನು ಚಾಚೋಕೆ ಪುರುಸೊತ್ತು. ನೀನ್ಯಾಕೆ ಮುಖ ಗಂಟು ಹಾಕ್ಕೊಂಡೆ?"

ಅವಳು ತೊಳೆದ ಲೋಟ ಒರೆಸಿಟ್ಟಳು.

ಆ ಆಟ ಅವಳಿಗೆ ಹೊಸದಲ್ಲ. ಅಪ್ಪ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದಾಗ ಮಕ್ಕಳಿಗೆಂದೇ ಮಾಡಿದ್ದು. ಹಳೆಯ ಕಾಲದ ಒಂದು ಮುತ್ತಿಗೆ. ತಿಂಗಳುಗಟ್ಟಲೆ ಕಾದಾಡಿ ಕೊನೆಗೆ ಕೋಟೆ ಬಿದ್ದಾಗ, ಗೆದ್ದವರು ಒಳಗಿದ್ದ ಒಬ್ಬರನ್ನೂ ಉಳಿಸಲಿಲ್ಲ. ಹೆಂಗಸರನ್ನೂ, ಮಕ್ಕಳನ್ನೂ. ಆ ಪಾಠ ಬಂದಾಗ ಅಪ್ಪ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಿದ್ದರಂತೆ.

ನಿಯಮಗಳು ಮಾತ್ರ ಪುಟ್ಟ ಮಕ್ಕಳೂ ಆಡುವಷ್ಟು ಸುಲಭ. ಒಂದು ಸರದಿಗೆ ಮೂವರನ್ನು ನಡೆಸಬಹುದು. ಎದುರುಬದುರಾದರೆ ದಾಳ ಹಾಕಬೇಕು. ಹೆಚ್ಚು ಬಿದ್ದವನು ಉಳಿಯುತ್ತಾನೆ, ಇನ್ನೊಬ್ಬ ಮಲಗುತ್ತಾನೆ. ಗೋಡೆಯ ಮೇಲಿದ್ದವನಿಗೆ ಒಂದು ಹೆಚ್ಚು. ಹೆಬ್ಬಾಗಿಲು ದಾಟಿ ನಾಲ್ವರು ಅಂಗಳಕ್ಕೆ ನುಗ್ಗಿದರೆ ಕೋಟೆ ಬಿತ್ತು.

ಅಪ್ಪನಿಗೆ ಅಮ್ಮ ತೀರಿಹೋದದ್ದು ಮರೆತಿತ್ತು. ಬೆಳಿಗ್ಗೆ ತಿಂದದ್ದು ಮರೆತಿತ್ತು. ಬಚ್ಚಲಮನೆ ಎಲ್ಲಿದೆ ಎಂಬುದೂ ಒಮ್ಮೊಮ್ಮೆ ಮರೆಯುತ್ತಿತ್ತು. ಆದರೆ ಹಲಗೆಯ ಮುಂದೆ ಕುಳಿತರೆ ಬೆನ್ನು ನೆಟ್ಟಗಾಗುತ್ತಿತ್ತು, ಕಣ್ಣು ಚುರುಕಾಗುತ್ತಿತ್ತು. ಒಂದೇ ಒಂದು ನಡೆಯೂ ತಪ್ಪುತ್ತಿರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದರೆ ಸಾಕು... "ಸೇನಾಪತಿ ಬಂದ್ರು!" ಎನ್ನುತ್ತಿದ್ದರು. ಮುಖ ಅರಳುತ್ತಿತ್ತು.

'ಅವನ ಹೆಜ್ಜೆ ಸದ್ದು ಗೊತ್ತು. ನನ್ನ ಮುಖ ಗೊತ್ತಿಲ್ಲ!'

ತನಗೆ ಹೊಟ್ಟೆಕಿಚ್ಚು ಎಂದು ಅವಳು ಒಪ್ಪಿಕೊಳ್ಳಲು ಸಿದ್ಧಳಿರಲಿಲ್ಲ. ಆದರೆ ಅದು ಹೊಟ್ಟೆಕಿಚ್ಚೇ ಆಗಿತ್ತು.

*

ಆದರೂ ದಿನ ಕಳೆದಂತೆ ಆ ಕಿಚ್ಚಿನ ಜೊತೆ ಇನ್ನೇನೋ ಬೆರೆಯತೊಡಗಿತು.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದವಳು ಒಳಗೆ ಹೋಗದೆ ಮೆಟ್ಟಿಲ ಮೇಲೇ ಕುಳಿತುಬಿಟ್ಟಿದ್ದಳು. ಆಟ ಮುಗಿಸಿ ಇಳಿಯುತ್ತಿದ್ದ ಅವನು ನಿಂತ.

"ಇವತ್ತು ಕೆಲಸ ಕೆಟ್ಟದಾಗಿತ್ತಾ?"

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಒಂದು ಮಗು... ಲಾರಿ ಹೊಡೆದಿತ್ತು. ಎಕ್ಸ್‌ರೇ ತೆಗೆಯುವಾಗ 'ಉಸಿರು ಹಿಡ್ಕೋ ಪುಟ್ಟ' ಅಂದೆ. ಹಿಡ್ಕೊಳ್ತು. 'ಬಿಡು' ಅಂದೆ... ಬಿಡ್ತು. ಮತ್ತೆ ತಗೊಳ್ಳಲಿಲ್ಲ."

ಅವನು ಎರಡು ಮೆಟ್ಟಿಲು ಕೆಳಗೆ ಕುಳಿತ. ಬೀದಿದೀಪ ಹೊತ್ತುವವರೆಗೂ ಕುಳಿತೇ ಇದ್ದ.

ಹೊರಡುವಾಗ ಮಾತ್ರ ಹೇಳಿದ, "ನಾನು ಜನರ ಮುಖಕ್ಕಿಂತ ಮೊದಲು ಹಲ್ಲು ನೋಡ್ತೀನಿ. ಅಭ್ಯಾಸ. ನೀವು ಬಹುಶಃ ಮೂಳೆ ನೋಡ್ತೀರಿ."

"ಹೂಂ. ನಿಮ್ಮ ಎಡಭುಜ ಸ್ವಲ್ಪ ಇಳಿದಿದೆ."

"ನಾವಿಬ್ರೂ ಸೇರಿದ್ರೆ ಒಂದು ಪೂರ್ತಿ ಅಸ್ಥಿಪಂಜರ ಆಗತ್ತೆ ನೋಡಿ!"

ಅಂಥ ದಿನವೂ ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಆಮೇಲಾಮೇಲೆ ಸಂಜೆ ಬೇಗ ಮನೆ ಸೇರಬೇಕು ಎನಿಸತೊಡಗಿತು. ಅಪ್ಪನಿಗಾಗಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೋಣೆಯ ಬಾಗಿಲಲ್ಲಿ ನಿಂತು ಆಟ ನೋಡುವಾಗ, ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿ ಮೆತ್ತಿದ ಅವನ ಬೆರಳುಗಳು ಆ ಪುಟ್ಟ ಸೈನಿಕರನ್ನು ಎಷ್ಟು ಹಗುರವಾಗಿ ಎತ್ತುತ್ತವೆ ಎಂದು ಅವಳ ಕಣ್ಣು ಅಲ್ಲೇ ಉಳಿಯುತ್ತಿತ್ತು.

ಅವನೂ ಒಮ್ಮೊಮ್ಮೆ ತಲೆ ಎತ್ತಿ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ.

*

ಆ ದಿನ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟು ಅವಳು ಬೇಗ ಬಂದಳು.

ಅತ್ತೆ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಅಪ್ಪ ಕಿಟಕಿಯ ಕಡೆ ತಿರುಗಿ ನೀರು ಕುಡಿಯುತ್ತಿದ್ದರು. ಅರೆತೆರೆದ ಬಾಗಿಲ ಸಂದಿಯಲ್ಲಿ ಅವಳು ಕಂಡದ್ದು...

ಅವನು ಕೋಟೆಯ ಅಂಗಳದಲ್ಲಿದ್ದ ತನ್ನ ಕೆಂಪು ಸೈನಿಕರಿಬ್ಬರನ್ನು ಸದ್ದಿಲ್ಲದೆ ಎತ್ತಿ ಕಂದಕದ ಹೊರಗಿಟ್ಟ. ಬಿದ್ದಿದ್ದ ದಾಳವನ್ನು ಬೆರಳ ತುದಿಯಿಂದ ಮಗುಚಿದ. ಆಮೇಲೆ ಮುರಿದ ಈಟಿಯ ಒಬ್ಬ ಸೈನಿಕನನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಅಪ್ಪ ಇತ್ತ ತಿರುಗಿದರು. ಹಲಗೆ ನೋಡಿ ಸಂಭ್ರಮಿಸಿದರು. "ಹಿಮ್ಮೆಟ್ಟಿದ್ರಾ? ಹಾ! ಇವತ್ತೂ ನನ್ನ ಕೋಟೆ ಉಳೀತು!"

"ಉಳೀತು ಮೇಷ್ಟ್ರೇ," ಎಂದ ಅವನು ನಗುತ್ತಾ.

ಆ ನಗು ಅವಳ ಮೈಯೆಲ್ಲಾ ಉರಿಸಿತು.

"ಹೊರಗೆ ಬನ್ನಿ!"

ವರಾಂಡದಲ್ಲಿ ಅವಳು ಅವನಿಗೆ ಅಡ್ಡ ನಿಂತಳು. "ಏನು ಮಾಡ್ತಿದ್ದೀರಿ ನೀವು? ನಮ್ಮಪ್ಪನ ಮರೆವು ನಿಮಗೆ ತಮಾಷೇನಾ?"

"ಇಲ್ಲ, ನೀವು ನೋಡಿದ್ದು—"

"ಕಣ್ಣಾರೆ ನೋಡಿದೆ! ಇಡೀ ಜೀವನ ಒಂದು ಸುಳ್ಳೂ ಹೇಳದ ಮನುಷ್ಯ ಅವರು. ಅವರಿಗೆ ದಿನಾ ಸುಳ್ಳು ಗೆಲುವು ತಿನ್ನಿಸಿ ನಗ್ತೀರಲ್ಲಾ! ಮತ್ತೆ ಜೇಬಲ್ಲಿ ಏನದು? ತೆಗೀರಿ!"

ಅವನು ಕರವಸ್ತ್ರ ಬಿಚ್ಚಿದ. "ಈಟಿ ಮುರಿದಿದೆ. ಸರಿ ಮಾಡಿ ತರೋಣ ಅಂತ..."

"ಯಾರನ್ನ ಕೇಳಿ?"

"ದಯವಿಟ್ಟು ಒಂದು ಮಾತು ಕೇಳಿ. ಕೋಟೆ ಬೀಳಬಾರದು. ಬಿದ್ರೆ ಮೇಷ್ಟ್ರು—"

"ಸಾಕು! ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ."

ಅವನು ಸೈನಿಕನನ್ನು ವರಾಂಡದ ಕಟ್ಟೆಯ ಮೇಲಿಟ್ಟ. ಇಳಿದು ಹೋದ.

ಅವನು ತಿರುಗಿ ನೋಡಲಿಲ್ಲ. ಅವಳು ಮಾತ್ರ ಬೀದಿಯ ತಿರುವಿನವರೆಗೂ ನೋಡುತ್ತಲೇ ಇದ್ದಳು... ಯಾಕೆ ಅಳು ಬರುತ್ತಿದೆ ಎಂದು ಅರ್ಥವಾಗದೆ.

*

ಮರುದಿನ ಸಂಜೆ ಅಪ್ಪ ಸೈನ್ಯ ಜೋಡಿಸಿ ಕುಳಿತರು. ಯಾರೂ ಬರಲಿಲ್ಲ.

ಅದರ ಮರುದಿನವೂ ಕುಳಿತರು. ಊಟ ಬೇಡವೆಂದರು. "ಸೇನಾಪತಿ ಯಾಕೆ ಬರಲಿಲ್ಲ? ಏನೋ ಹೂಡ್ತಿದ್ದಾರೆ ಅವರು..." ಎಂದು ಕಿಟಕಿಗೂ ಬಾಗಿಲಿಗೂ ಓಡಾಡಿದರು. ಅತ್ತೆ ಅವಳ ಮುಖ ನೋಡದೆ ತಟ್ಟೆ ಎತ್ತಿಕೊಂಡು ಹೋದರು.

ಕೊನೆಗೆ ಅವಳೇ ಮೇಜಿನ ಈಚೆ ಬಂದು ಕುಳಿತಳು.

"ನಾನು ಆಡ್ಲಾ?"

ಅಪ್ಪ ಅವಳನ್ನು ದಿಟ್ಟಿಸಿದರು. "ನಿಯಮ ಗೊತ್ತಾ?"

"ಗೊತ್ತು."

ಆಟ ಶುರುವಾಯಿತು. ಅಪ್ಪನ ಕಣ್ಣು ಚುರುಕಾಯಿತು. ಅವಳು ಒಂದು ಒಳ್ಳೆಯ ನಡೆ ನಡೆಸಿದಾಗ "ಭಲೇ!" ಎಂದರು. ಅವಳ ಜೀವ ಹಿಗ್ಗಿತು. ಊರಿಗೆ ಬಂದ ಮೇಲೆ ಮೊದಲ ಸಲ ಅಪ್ಪ ಅವಳನ್ನು ನೋಡುತ್ತಿದ್ದರು, ನಿಜವಾಗಿ ನೋಡುತ್ತಿದ್ದರು!

'ಇದೇ ನಿಜವಾದ ಆಟ. ಮೋಸವಿಲ್ಲ, ಕರುಣೆಯಿಲ್ಲ. ಅಪ್ಪನಿಗೆ ಕೊಡಬೇಕಾದ ಮರ್ಯಾದೆ ಇದು.'

ಅವಳು ಮನಸ್ಸಿಟ್ಟು ಆಡಿದಳು. ದಾಳ ಅವಳ ಕೈ ಹಿಡಿಯಿತು. ಗೋಡೆಯ ಮೇಲಿನ ನೀಲಿಯವರು ಒಬ್ಬೊಬ್ಬರಾಗಿ ಮಲಗಿದರು. ಹೆಬ್ಬಾಗಿಲು ದಾಟಿ ಒಬ್ಬ... ಇಬ್ಬರು... ಮೂವರು... ನಾಲ್ವರು!

"ಅಪ್ಪಾ! ನಿಮ್ಮ ಕೋಟೆ ಬಿತ್ತು!"

ಅವಳು ಪುಟ್ಟ ಹುಡುಗಿಯಂತೆ ಚಪ್ಪಾಳೆ ತಟ್ಟಿ ನಕ್ಕಳು.

ಅಪ್ಪ ನಗಲಿಲ್ಲ.

ಅವರ ಮುಖದ ರಕ್ತವೆಲ್ಲಾ ಇಳಿದುಹೋಯಿತು. ಅಂಗಳದಲ್ಲಿ ನಿಂತ ಕೆಂಪು ಸೈನಿಕರನ್ನೇ ನೋಡುತ್ತಾ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

"ಒಳಗೆ ಬಂದ್ರು... ಒಳಗೆ ಬಂದುಬಿಟ್ರು!"

"ಅಪ್ಪಾ, ಇದು ಆಟ..."

"ಯಾರನ್ನೂ ಬಿಡಲ್ಲ ಅವರು! ಮಗು ಎಲ್ಲಿ? ಮಗೂನ ಹಿಂದಿನಿಂದ ದಾಟಿಸಬೇಕು..." ಅವಳನ್ನು ತಳ್ಳಿ ಓಡಿದರು. ಆ ಮುದಿ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ! ಹಿತ್ತಲ ಬಾಗಿಲು ತೆರೆದಿತ್ತು. ಅದರಾಚೆ ಕಡಿದಾದ ಮೆಟ್ಟಿಲು.

"ಅಪ್ಪಾ!!"

ಅವಳ ಕೈಗೆ ಸಿಕ್ಕಿದ್ದು ಅವರ ಅಂಗಿಯ ಚುಂಗು ಮಾತ್ರ. ಅದೂ ಜಾರಿತು.

*

ಅಪ್ಪನ ಎಕ್ಸ್‌ರೇ ಅವಳೇ ತೆಗೆದಳು. ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ.

ತಣ್ಣನೆಯ ಮೇಜಿನ ಮೇಲೆ ಅವರ ಕಾಲನ್ನು ನೇರ ಮಾಡುವಾಗ ಅವರು ಕಿರುಚಿದ್ದು ಅವಳ ಕಿವಿಯಲ್ಲೇ ಉಳಿಯಿತು. ಪರದೆಯ ಮೇಲೆ ಸೊಂಟದ ಮೂಳೆ ಮುರಿದು ಜಾರಿ ನಿಂತಿತ್ತು. ಯಾರೂ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಹೃದಯ ತಾಳುವುದಿಲ್ಲ, ಆಪರೇಷನ್ ಬೇಡ ಎಂದರು ಡಾಕ್ಟರು. ನೋವು ಕಡಿಮೆ ಮಾಡೋಣ, ಅಷ್ಟೇ ಎಂದರು.

ವಾರ್ಡಿನಲ್ಲಿ ಅಪ್ಪನ ಭಯ ಇಳಿಯಲೇ ಇಲ್ಲ. ಬಿಳಿ ಬಟ್ಟೆಯವರು ಬಂದರೆ ಶತ್ರುಗಳೆಂದು ಹೊಡೆಯಹೋಗುತ್ತಿದ್ದರು. ಸೂಜಿ ಕಿತ್ತುಹಾಕಿದರು. ಬೇರೆ ದಾರಿಯಿಲ್ಲದೆ ನರ್ಸುಗಳು ಅವರ ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದರು.

ಎಷ್ಟೋ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಕೈಗಳು...

ಅವಳು ಕಾರಿಡಾರಿನ ಗೋಡೆಗೆ ಒರಗಿ ಕುಳಿತಳು. ಪಕ್ಕದಲ್ಲಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಅವನು ಹೇಳಿದ್ದ ಕಣೇ," ಎಂದರು ಅತ್ತೆ. "ಮೊದಲ ವಾರವೇ ಹೇಳಿದ್ದ. 'ಅಮ್ಮಾ, ಕೋಟೆ ಯಾವತ್ತೂ ಬೀಳಬಾರದು' ಅಂತ. ಗಂಡಸರ ಆಟದ ಹುಚ್ಚು ಅಂದ್ಕೊಂಡೆ ನಾನು. ನಕ್ಕುಬಿಟ್ಟೆ..."

ಅವಳಿಗೆ ವರಾಂಡದಲ್ಲಿ ಅವನ ಮಾತನ್ನು ತಾನು ಕಡಿದುಹಾಕಿದ್ದು ನೆನಪಾಯಿತು. 'ಬಿದ್ರೆ ಮೇಷ್ಟ್ರು—'

ಅವಳು ಎದ್ದು ನಡೆದಳು.

*

ಹಲ್ಲಿನ ಆಸ್ಪತ್ರೆಗಳಿಗೆ ಸೆಟ್ ಮಾಡಿಕೊಡುವ ಆ ಲ್ಯಾಬ್ ಒಂದು ಕಿರಿದಾದ ಬೀದಿಯ ನೆಲಮಾಳಿಗೆಯಲ್ಲಿತ್ತು. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಮೇಣ ಕಾಯುವ ವಾಸನೆ. ಅವನು ದೀಪದ ಕೆಳಗೆ ಬಾಗಿ ಯಾರದೋ ದವಡೆಯ ಅಚ್ಚಿಗೆ ಹಲ್ಲು ಕೂರಿಸುತ್ತಿದ್ದ.

ಅವಳನ್ನು ಕಂಡು ಎದ್ದ.

"ಅಪ್ಪ ಬಿದ್ದರು," ಎಂದಳು. "ಕೋಟೆ... ನಾನೇ... ಕರೆಯೋಕೆ ನನಗೆ ಮುಖ ಇಲ್ಲ. ಆದ್ರೂ ಬನ್ನಿ."

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉರಿ ಆರಿಸಿದ, ಕೈ ಒರೆಸಿಕೊಂಡ, ಅವಳಿಗಿಂತ ಮುಂದೆ ಮೆಟ್ಟಿಲು ಹತ್ತಿದ.

ವಾರ್ಡಿನಲ್ಲಿ ಅಪ್ಪ ಕಟ್ಟಿದ ಕೈಗಳನ್ನು ಎಳೆಯುತ್ತಿದ್ದರು. ಮಣಿಕಟ್ಟು ಕೆಂಪಾಗಿತ್ತು. ಅವನು ಮಂಚದ ಕಾಲ ಬಳಿ ನೆಟ್ಟಗೆ ನಿಂತ.

"ಮೇಷ್ಟ್ರೇ."

ಅಪ್ಪ ಸ್ತಬ್ಧರಾದರು. "ಸೇನಾಪತಿ..."

"ಹೌದು. ನಾನೇ."

"ಕೋಟೆ ಹೋಯ್ತಲ್ಲ." ಅಪ್ಪನ ತುಟಿ ಅದುರಿತು. "ನನ್ನನ್ನ ಏನಾದ್ರೂ ಮಾಡ್ಕೊಳ್ಳಿ. ಒಂದೇ ಒಂದು ಕೇಳ್ತೀನಿ..."

"ಕೇಳಿ."

"ಒಳಗೆ ನನ್ನ ಮಗಳಿದ್ದಾಳೆ."

ಬಾಗಿಲ ಬಳಿ ನಿಂತಿದ್ದ ಅವಳು ಚೌಕಟ್ಟು ಹಿಡಿದುಕೊಂಡಳು.

"ಚಿಕ್ಕೋಳು. ಜುಟ್ಟು ಕಟ್ಟೋಕೂ ಬರಲ್ಲ ಇನ್ನೂ. ಎಡಗೈಯಲ್ಲಿ ಊಟ ಮಾಡ್ತಾಳೆ, ಅದಕ್ಕೆ ಬೈಬೇಡಿ. ನಾನೂ ಹೇಳಿ ಹೇಳಿ ಸೋತೆ... ಕತ್ತಲಂದ್ರೆ ಭಯ ಅವಳಿಗೆ. ಇಷ್ಟು ದಿನ ಆ ಬಾಗಿಲು ಕಾಯ್ಕೊಂಡು ಕೂತಿದ್ದು ಯಾಕೆ ಅಂದ್ಕೊಂಡ್ರಿ? ರಾಜನಿಗಾ? ಅವಳಿಗೋಸ್ಕರ! ಅವಳೊಬ್ಬಳನ್ನ ಆಚೆ ದಾಟಿಸಿಬಿಡಿ. ನೀವು ಶತ್ರು ಇರಬಹುದು, ಕೆಟ್ಟೋರಲ್ಲ. ಗೊತ್ತು ನನಗೆ."

"ದಾಟಿಸ್ತೀನಿ," ಎಂದ ಅವನು. "ಮಾತು ಕೊಡ್ತೀನಿ ಮೇಷ್ಟ್ರೇ. ಅವಳ ಒಂದು ಕೂದಲೂ ಕೊಂಕಲ್ಲ."

ಅವನೇ ಬಾಗಿ ಬ್ಯಾಂಡೇಜಿನ ಗಂಟು ಬಿಚ್ಚಿದ. ನರ್ಸ್ ತಡೆಯಲು ಬಂದವಳು ಹಾಗೇ ನಿಂತಳು. ಅಪ್ಪನ ಕೈಗಳು ಹೊದಿಕೆಯ ಮೇಲೆ ಶಾಂತವಾಗಿ ಬಿದ್ದವು.

ಆಗ ಅಪ್ಪನ ದೃಷ್ಟಿ ಅವಳ ಮೇಲೆ ಬಿತ್ತು. ಗುರುತಿನ ಒಂದು ಎಳೆಯೂ ಇರಲಿಲ್ಲ. ಬರೀ ಅಂತಃಕರಣವಿತ್ತು.

"ನೀವು ಯಾರ ಮನೆಯವರೋ ಗೊತ್ತಿಲ್ಲಮ್ಮ. ನೀವೂ ಹೊರಟುಬಿಡಿ. ನನ್ನ ಮಗಳ ಕೈ ಹಿಡ್ಕೊಂಡು ಹೋಗಿ. ಬಿಡಬೇಡಿ."

ಅವಳು ಹತ್ತಿರ ಬಂದು ಮಂಚದ ಪಕ್ಕ ಕುಸಿದು ಕುಳಿತಳು.

"ಹಿಡ್ಕೊಂಡಿದ್ದೀನಿ," ಎಂದಳು. "ಬಿಡಲ್ಲ."

ಅಪ್ಪ ಕಣ್ಣು ಮುಚ್ಚಿದರು. ಅಂದು ನಿದ್ದೆ ಮಾಡಿದರು.

ಆ ವಾರ ಮುಗಿಯುವುದರೊಳಗೆ ಒಂದು ಮಧ್ಯಾಹ್ನ, ಊಟದ ಗಾಡಿ ಕಾರಿಡಾರಿನಲ್ಲಿ ಉರುಳುತ್ತಿದ್ದಾಗ, ಯಾರಿಗೂ ತಿಳಿಯದಂತೆ ಹೋಗಿಬಿಟ್ಟರು.

*

ಎಲ್ಲ ಮುಗಿಯುವವರೆಗೂ ಅವನು ಜೊತೆಗಿದ್ದ. ಹೊರುವಲ್ಲಿ ಹೆಗಲು ಕೊಟ್ಟ, ಓಡಾಡುವಲ್ಲಿ ಓಡಾಡಿದ. ಆಮೇಲೆ ಬರಲಿಲ್ಲ.

ಒಂದು ವಾರ, ಎರಡು ವಾರ... ಸಂಜೆಯಾದರೆ ಮೆಟ್ಟಿಲ ಕಡೆ ಅವಳ ಕಿವಿ ಹೋಗುತ್ತಿತ್ತು. ಬರುತ್ತಿದ್ದದ್ದು ಹಾಲಿನವನು, ಇಲ್ಲವೇ ಕೆಳಗಿನ ಮನೆಯವರು.

'ಬರೋದು ಅಪ್ಪನಿಗೋಸ್ಕರ ತಾನೇ. ಇನ್ನು ಯಾಕೆ ಬರ್ತಾನೆ? ಅಷ್ಟು ಮಾತು ಅಂದವಳ ಮನೆಗೆ ಯಾರು ಬರ್ತಾರೆ?'

ಆಸ್ಪತ್ರೆಯಲ್ಲಿ ಮುದುಕರ ಎಕ್ಸ್‌ರೇ ತೆಗೆಯುವಾಗ ಅವಳ ಗಮನ ತಪ್ಪತೊಡಗಿತು. ಒಂದೇ ಚಿತ್ರವನ್ನು ಎರಡೆರಡು ಸಲ ತೆಗೆಯಬೇಕಾಗುತ್ತಿತ್ತು. ಮನೆಗೆ ಬಂದರೆ ಹಿತ್ತಲ ಬಾಗಿಲು.

ಅತ್ತೆ ಒಂದು ಸಂಜೆ ಅವಳ ಮುಂದೆ ಟೀ ಇಟ್ಟು ಗದರಿದರು. "ನಿನ್ನಪ್ಪ ಹೋದ್ರು ಅಂತ ಅಳ್ತೀಯೋ, ಹಲ್ಲಿನವನು ಬರಲಿಲ್ಲ ಅಂತ ಅಳ್ತೀಯೋ?"

"ಅತ್ತೇ!"

"ಎರಡಕ್ಕೂ ಅಳು, ತಪ್ಪಿಲ್ಲ. ಮೊದಲನೇದಕ್ಕೆ ಮದ್ದಿಲ್ಲ. ಎರಡನೇದಕ್ಕೆ ಚಪ್ಪಲಿ ಮೆಟ್ಕೊಂಡು ಹೋದ್ರಾಯ್ತಲ್ಲೇ!"

*

ಲ್ಯಾಬಿನಲ್ಲಿ ಅವನು ಒಬ್ಬನೇ ಇದ್ದ. ಎರಡೂ ಕೈಗಳು ಒದ್ದೆ ಪ್ಲಾಸ್ಟರಿನಲ್ಲಿ ಮುಳುಗಿದ್ದವು.

"ಕೂತ್ಕೊಳ್ಳಿ," ಎಂದ, ಕೂರಲು ಜಾಗವಿಲ್ಲದ ಕೋಣೆಯಲ್ಲಿ.

ಅವಳು ನಿಂತೇ ಕೇಳಿದಳು. "ಅಪ್ಪ ನನ್ನ ಬಗ್ಗೆ ದಿನಾ ಮಾತಾಡ್ತಿದ್ರಾ?"

"ದಿನಾ." ಅವನು ತಲೆ ಬಗ್ಗಿಸಿದ. "ಎಡಗೈ ಬಗ್ಗೆ, ಶಾಲೇಲಿ ಮಾಡಿದ ಜಗಳಗಳ ಬಗ್ಗೆ... ನಿಮ್ಮನ್ನ ನೋಡೋ ಮುಂಚೇನೇ ನಿಮ್ಮ ಬಾಲ್ಯವೆಲ್ಲಾ ನನಗೆ ಬಾಯಿಪಾಠ ಆಗಿತ್ತು. ಆಮೇಲೆ ಒಂದಿನ ನೀವೇ ಬಾಗಿಲಲ್ಲಿ ಬಂದು ನಿಂತ್ರಿ... ಅಷ್ಟು ಸಿಟ್ಟಲ್ಲಿ!"

"ನನಗ್ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದೆ. ಹೇಗೆ ಹೇಳೋದು? ಆ ಪುಟ್ಟ ಹುಡುಗಿ ನೆನಪಿದ್ದಾಳೆ, ನೀವು ನೆನಪಿಲ್ಲ ಅಂತಾನಾ? ಅದು ಸಮಾಧಾನವೋ ಗಾಯವೋ ನನಗೇ ಗೊತ್ತಾಗಲಿಲ್ಲ."

ಅವಳು ಗೋಡೆಗೆ ಒರಗಿದಳು.

"ನಾನು ಗೆದ್ದೆ. ಅದಕ್ಕೇ ಅವರು ಹೋದರು."

ಅಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು. ಎಲ್ಲರೂ ಹಾಗೇ ಎಂದಿದ್ದರು.

"ಹೌದು," ಎಂದ ಅವನು ಮೆಲ್ಲಗೆ. "ನೀವು ಗೆದ್ರಿ. ನಾನೂ ಒಂದ್ಸಲ ಗೆದ್ದಿದ್ದೆ, ಮೊದಮೊದಲು. ಅವರು ಹಾಗೇ ಎದ್ದು ಓಡಿದ್ರು. ಅವತ್ತು ಹಿತ್ತಲ ಬಾಗಿಲಿಗೆ ಚಿಲಕ ಹಾಕಿತ್ತು. ನಿಮಗೂ ನನಗೂ ಇರೋ ವ್ಯತ್ಯಾಸ ಆ ಚಿಲಕ ಅಷ್ಟೇ. ನಾನು ನಿಮ್ಮತ್ತೆಗೆ ಇನ್ನೂ ಬಿಡಿಸಿ ಹೇಳಬೇಕಿತ್ತು. ಅವತ್ತು ವರಾಂಡದಲ್ಲಿ ನಿಮ್ಮ ಬೈಗುಳ ಮುಗಿಯೋವರೆಗೂ ನಿಂತು ಹೇಳೇ ಹೋಗಬೇಕಿತ್ತು. ಅವಮಾನ ಆಯ್ತು ಅಂತ ಹೊರಟುಬಿಟ್ಟೆ. ಅದು ನನ್ನನ್ನೂ ಬಿಡಲ್ಲ."

ಅವಳು ಅತ್ತಳು. ಅಪ್ಪ ಹೋದ ಮೇಲೆ ಇಷ್ಟು ಪೂರ್ತಿಯಾಗಿ ಅತ್ತಿರಲಿಲ್ಲ. ಅವನು ತಡೆಯಲಿಲ್ಲ.

ಅಳು ನಿಂತ ಮೇಲೆ ಕೇಳಿದಳು, "ಮತ್ತೆ ಯಾಕೆ ಬರಲಿಲ್ಲ?"

"ಮೇಷ್ಟ್ರಿಗೆ ನಾನು ಕೊಟ್ಟಿದ್ದು ದಾಟಿಸ್ತೀನಿ ಅನ್ನೋ ಮಾತು. ಇಟ್ಕೊಳ್ತೀನಿ ಅಂತಲ್ಲ." ಅವನ ಕಿವಿ ಕೆಂಪಾಯಿತು. "ದಾಟಿಸಿದವನೇ ಆಚೆ ದಡದಲ್ಲಿ ನಿಂತು ಕೈ ಚಾಚಿದ್ರೆ... ಅದು ಮೋಸ ಅನ್ನಿಸ್ತು. ನನಗೆ ಆಸೆ ಇರಲಿಲ್ಲ ಅಂತಲ್ಲ. ತುಂಬಾ ಇತ್ತು. ಅದಕ್ಕೇ ಬರಲಿಲ್ಲ."



"ದಾಟಿದ್ದಾಯ್ತು," ಎಂದಳು. "ನಿಮ್ಮ ಮಾತು ಅಲ್ಲಿಗೆ ತೀರ್ತು. ಇನ್ನು ನಾನು ಎಲ್ಲಿಗೆ ಹೋಗ್ಬೇಕು ಅನ್ನೋದು ನನ್ನಿಷ್ಟ ತಾನೇ?"

"ಖಂಡಿತ ನಿಮ್ಮಿಷ್ಟ."

"ಇಲ್ಲಿಗೆ ಬಂದಿದ್ದೀನಿ."

ಅವನು ಪ್ಲಾಸ್ಟರ್ ಮೆತ್ತಿದ ಕೈಗಳನ್ನು ಏನು ಮಾಡಬೇಕೆಂದು ತೋಚದೆ ಎತ್ತಿ ಹಿಡಿದು ನಿಂತ. "ಕೈ... ತೊಳ್ಕೊಂಡು ಬರ್ತೀನಿ..."

"ಬೇಡ." ಅವಳು ಆ ಕೈ ಹಿಡಿದುಕೊಂಡಳು. ಪ್ಲಾಸ್ಟರ್ ಬಿಸಿಯಾಗಿತ್ತು, ಗಟ್ಟಿಯಾಗುವ ಹೊತ್ತಿಗೆ ಅದು ಹಾಗೇ ಬಿಸಿಯೇರುತ್ತದಂತೆ.

"ನನಗೊಂದು ಭಯ ಇದೆ," ಎಂದಳು ತಲೆ ಎತ್ತದೆ. "ಅಪ್ಪನ ಕಾಯಿಲೆ... ಕೆಲವು ಮನೆಗಳಲ್ಲಿ ಮಕ್ಕಳಿಗೂ ಬರತ್ತಂತೆ. ಒಂದಿನ ನಾನು ನಿಮ್ಮನ್ನ ಮರೆತುಬಿಟ್ರೆ?"

"ಮರೀರಿ. ದಿನಾ ಸಂಜೆ ಬಂದು ಹೊಸದಾಗಿ ಪರಿಚಯ ಮಾಡ್ಕೊಳ್ತೀನಿ."

"ಯಾರು ನೀನು ಅಂತ ಬೈದು ಆಚೆ ಹಾಕಿದ್ರೆ?"

"ಅದಕ್ಕೆ ಈಗಾಗ್ಲೇ ಒಗ್ಗಿಹೋಗಿದ್ದೀನಲ್ಲ. ಆದ್ರೆ ಈ ಸಲ ಮೆಟ್ಟಿಲು ಇಳಿಯಲ್ಲ. ಅಲ್ಲೇ ಕೂತಿರ್ತೀನಿ."

ಅವಳು ಅವನ ಇಳಿದ ಎಡಭುಜಕ್ಕೆ ಹಣೆ ಒತ್ತಿದಳು.

"ಕೂತಿರು," ಎಂದಳು.